ಅಕ್ಟೋಬರ್ 10ರಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಂದು ಮಗು ‘ದಿನದ ವಿಶೇಷ’ ಓದುತ್ತದೆ. ಅಕ್ಟೋಬರ್ 10ಕ್ಕೆ ಹುಡುಕಿದಾಗ ಶಿವರಾಮ ಕಾರಂತರು, ಆರ್.ಕೆ. ನಾರಾಯಣ್, ವಿಜ್ಞಾನಿ ಕ್ಯಾವೆಂಡಿಶ್, ಜೊತೆಗೆ ನೊಬೆಲ್ ಪಡೆದ ನಾಲ್ಕೈದು ಜನ ಸಿಕ್ಕರು. ಎಲ್ಲರೂ ಅದೇ ದಿನ ಹುಟ್ಟಿದವರು. ‘ಆ ದಿನಕ್ಕೆ ಏನೋ ಶಕ್ತಿ ಇರಬೇಕು ಮಿಸ್’ ಅಂತ ಮಕ್ಕಳು ಹೇಳುತ್ತಿದ್ದಾರೆ. ಏನು ಹೇಳಲಿ? ಆ ದಿನಕ್ಕೆ ಗಣಿತದ ವಿಶೇಷ ಒಂದೂ ಸಿಗಲಿಲ್ಲ. ಇನ್ನೊಂದು, ಇಷ್ಟು ಹಳೆಯ ತಾರೀಖುಗಳನ್ನು ನಂಬಬಹುದೇ?

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ನನ್ನ ಹಳೇ ಕೆಲಸ ನೆನಪಾಯಿತು. ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದಾಗ ನೋಟಿಸ್ ಬೋರ್ಡಿನ ಒಂದು ಮೂಲೆ ನನ್ನ ಪಾಲಿಗೆ ಬಂದಿತ್ತು. ಮೊದಲ ಪೀರಿಯಡ್ ಶುರುವಾಗುವ ಮುಂಚೆ ಸೀಮೆಸುಣ್ಣ ಹಿಡಿದು ಆ ದಿನ ಯಾರು ಹುಟ್ಟಿದರು, ಯಾರು ಸತ್ತರು ಅಂತ ಬರೆಯಬೇಕು. ಹನ್ನೆರಡು ವರ್ಷ ಬರೆದೆ. ತಪ್ಪನ್ನೂ ಬರೆದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಕ್ಕಳಿಗೆ ನೇರ ಉತ್ತರ: ದಿನಕ್ಕೆ ಯಾವ ಶಕ್ತಿಯೂ ಇಲ್ಲ. ಆದರೆ ಹಾಗಂತ ಹೇಳಿ ಸುಮ್ಮನಾದರೆ ಮಕ್ಕಳು ನಂಬುವುದಿಲ್ಲ. ನಂಬಲೂಬಾರದು. ಗಣಿತದ ಮೇಡಂ ಆದ ನೀವು ಲೆಕ್ಕ ಮಾಡಿಯೇ ತೋರಿಸಬೇಕು.

ಮೊದಲು ನೊಬೆಲ್‌ನವರನ್ನು ಹಿಡಿಯೋಣ. ಅಕ್ಟೋಬರ್ 10ರಂದು ಹುಟ್ಟಿದವರು ನನ್ನ ಪಟ್ಟಿಯಲ್ಲಿ ಐದು ಜನ ಇದ್ದಾರೆ. ಧ್ರುವ ಪ್ರದೇಶದ ಅನ್ವೇಷಕ, ನಾರ್ವೆಯ ಫ್ರಿಟ್‌ಯೋಫ್ ನಾನ್ಸೆನ್ 1861ರವರು. ಅವರಿಗೆ ಬಂದದ್ದು ಶಾಂತಿ ಬಹುಮಾನ. ಫ್ರೆಂಚ್ ಕಾದಂಬರಿಕಾರ ಕ್ಲೋದ್ ಸಿಮೋನ್ 1913, ರಸಾಯನ ವಿಜ್ಞಾನಿ ಗೆರ್ಹಾರ್ಡ್ ಎರ್ಟ್ಲ್ 1936. ಎರ್ಟ್ಲ್ ಅವರಿಗೆ ಬಹುಮಾನ ಪ್ರಕಟವಾಗಿದ್ದು 2007ರ ಅಕ್ಟೋಬರ್ 10ರಂದೇ, ಅವರ 71ನೇ ಹುಟ್ಟುಹಬ್ಬದ ದಿನ. ಇದರಲ್ಲೂ ಪವಾಡ ಇಲ್ಲ. ನೊಬೆಲ್ ಪ್ರಕಟಣೆಗಳು ಪ್ರತಿ ವರ್ಷ ಅಕ್ಟೋಬರ್ ಮೊದಲ ಎರಡು ವಾರದಲ್ಲೇ ಬರುವುದು. ಆ ಹೊತ್ತಿಗೆ ಹುಟ್ಟಿದ ವಿಜ್ಞಾನಿಗೆ ಇಂಥ ಯೋಗ ಕೂಡಿ ಬರುವ ಸಂಭವ ಜಾಸ್ತಿ, ಅಷ್ಟೇ.

ಉಳಿದ ಇಬ್ಬರ ಕಥೆ ಸೊಗಸಾಗಿದೆ. ಲಂಡನ್ನಿನ ನಾಟಕಕಾರ ಹೆರಾಲ್ಡ್ ಪಿಂಟರ್ ಮತ್ತು ಬೆಲ್ಜಿಯಂನಲ್ಲಿ ಹುಟ್ಟಿದ ಫ್ರೆಂಚ್ ರಸಾಯನ ವಿಜ್ಞಾನಿ ಈವ್ ಶೋವಾನ್, ಇಬ್ಬರೂ 1930ರ ಅಕ್ಟೋಬರ್ 10ರಂದು ಹುಟ್ಟಿದರು. ದಿನವೂ ಅದೇ, ವರ್ಷವೂ ಅದೇ. ಇಬ್ಬರಿಗೂ ನೊಬೆಲ್ ಬಂದದ್ದು 2005ರಲ್ಲಿ, ಒಬ್ಬರಿಗೆ ಸಾಹಿತ್ಯಕ್ಕೆ, ಇನ್ನೊಬ್ಬರಿಗೆ ರಸಾಯನ ವಿಜ್ಞಾನಕ್ಕೆ. ಶೋವಾನ್ ವಿವರಿಸಿದ್ದು ಅಣುಗಳು ಜೋಡಿ ಬದಲಾಯಿಸಿಕೊಳ್ಳುವ ಒಂದು ರಾಸಾಯನಿಕ ಕ್ರಿಯೆಯನ್ನು. ಕೋಲಾಟದಲ್ಲಿ ಎದುರಿನವರು ಬದಲಾಗುತ್ತಾ ಹೋಗುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಇದನ್ನು ಕೇಳಿದರೆ ಯಾರಿಗಾದರೂ ಮೈ ಜುಂ ಅನ್ನುತ್ತದೆ, ಅಲ್ವಾ? ಈಗ ಲೆಕ್ಕ. 2005ರಲ್ಲಿ ಎಲ್ಲ ವಿಭಾಗ ಸೇರಿ ನೊಬೆಲ್ ಪಡೆದವರು 12 ಜನ. ಹನ್ನೆರಡು ಜನರಲ್ಲಿ ಎಷ್ಟು ಜೋಡಿ ಮಾಡಬಹುದು? 66. ಒಂದೊಂದು ಜೋಡಿಯೂ ಒಂದೇ ತಾರೀಖಿಗೆ ಹುಟ್ಟಿರುವ ಸಂಭವ 365ರಲ್ಲಿ ಒಂದು. ಎಲ್ಲ ಕೂಡಿಸಿ ನೋಡಿದರೆ ಆರು ವರ್ಷಕ್ಕೊಮ್ಮೆ ಇಂಥ ಜೋಡಿ ಸಿಗಬೇಕು. ಹುಟ್ಟಿದ ವರ್ಷವೂ ಒಂದೇ ಆಗಬೇಕೆಂದರೆ ಅದು ಅಪರೂಪ. ನನ್ನ ಒರಟು ಲೆಕ್ಕದಲ್ಲಿ ನೂರು, ನೂರೈವತ್ತು ವರ್ಷಕ್ಕೊಮ್ಮೆ. ನೊಬೆಲ್ ಶುರುವಾಗಿದ್ದು 1901ರಲ್ಲಿ. ಅಂದರೆ ಇಷ್ಟು ಹೊತ್ತಿಗೆ ಒಂದು ಸಲ ಆಗಬಹುದಾದ್ದು, ಆಗಿದೆ.

ಒಂದೇ ದಿನಕ್ಕೆ ಐದು ಜನ ಸೇರಿದ್ದು? ಇದನ್ನು ಶಾಲೆಯ ಅಂಗಳದಲ್ಲೇ ತೋರಿಸಬಹುದು. ಚೌಕಾಬಾರದ ಮನೆಗಳ ಹಾಗೆ ನೆಲದ ಮೇಲೆ 365 ಮನೆ ಬರೆಸಿ. ಸಾವಿರ ಹುಣಸೆ ಬೀಜ ತೆಗೆದುಕೊಂಡು ಕಣ್ಣು ಮುಚ್ಚಿ ಎರಚಿಸಿ. ನೊಬೆಲ್ ಪಡೆದ ವ್ಯಕ್ತಿಗಳೂ ಸುಮಾರು ಸಾವಿರ. ಮನೆಗೆ ಎರಡೂಮುಕ್ಕಾಲರಂತೆ ಸಮನಾಗಿ ಬೀಳುತ್ತವೆಯೇ? ಖಂಡಿತ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ಮನೆ ಪೂರ್ತಿ ಖಾಲಿ ಉಳಿಯುತ್ತವೆ. ಐದು ಅಥವಾ ಅದಕ್ಕಿಂತ ಜಾಸ್ತಿ ಬೀಜ ಬಿದ್ದ ಮನೆಗಳು ಐವತ್ತರ ಹತ್ತಿರ ಇರುತ್ತವೆ. ಅಕ್ಟೋಬರ್ 10 ಆ ಐವತ್ತರಲ್ಲಿ ಒಂದು. ಖಾಲಿ ಮನೆಯ ದಿನಗಳ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ, ನೋಡಿ.

ಕಾರಂತರು ಮತ್ತು ನಾರಾಯಣ್ ವಿಷಯವೂ ಇದೇ. 23 ಜನ ಸೇರಿದರೆ ಸಾಕು, ಯಾರೋ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ತುಸು ಜಾಸ್ತಿ. 40 ಮಕ್ಕಳ ತರಗತಿಯಲ್ಲಿ ನೂರಕ್ಕೆ 89. ನಾಳೆಯೇ ಹಾಜರಿ ಪುಸ್ತಕ ತೆಗೆದು ನೋಡಿ. ಆದರೆ ‘ನನ್ನದೇ’ ಹುಟ್ಟುಹಬ್ಬ ಇನ್ನೊಬ್ಬರಿಗೆ ಇರಬೇಕು ಅಂದರೆ ಲೆಕ್ಕ ಬೇರೆ. ಅದಕ್ಕೆ ಅರ್ಧ ಸಂಭವ ಬರಬೇಕಾದರೂ 253 ಜನ ಬೇಕು. ಯಾರೋ ಇಬ್ಬರಿಗೆ ಕೂಡಿ ಬರುವುದಕ್ಕೂ ನನಗೇ ಕೂಡಿ ಬರುವುದಕ್ಕೂ ಇರುವ ಈ ವ್ಯತ್ಯಾಸವನ್ನು ಮಕ್ಕಳು ಹಿಡಿದರೆ, ಜಾತಕದ ಅರ್ಧ ಅಂಗಡಿ ಮುಚ್ಚಿದ ಹಾಗೆ.

ಇನ್ನೂ ಒಂದು ತಮಾಷೆ. ಹತ್ತನೇ ತಿಂಗಳ ಹತ್ತನೇ ತಾರೀಖು ಹುಟ್ಟಿದ ಕಾರಂತರ ಆತ್ಮಕಥೆಯ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಬೇಕೆಂದೇ ಹುಡುಕಿದರೆ ಹತ್ತು ಎಲ್ಲೆಲ್ಲೂ ಸಿಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಗಣಿತದ ವಿಶೇಷ ಸಿಗಲಿಲ್ಲ ಅಂದಿರಿ. ಹುಟ್ಟಿದವರ ಪಟ್ಟಿಯಲ್ಲಿ ಹುಡುಕಿದ್ದೀರಿ, ಅದಕ್ಕೇ ಸಿಗಲಿಲ್ಲ. ತಾರೀಖಿನೊಳಗೇ ಗಣಿತ ಇದೆ.

ಯಾವುದಾದರೂ ವರ್ಷದ ಕ್ಯಾಲೆಂಡರ್ ತೆಗೆದು ಈ ಐದು ದಿನ ನೋಡಿ: ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12. ಐದೂ ಒಂದೇ ವಾರ ಬರುತ್ತವೆ. ಯಾವ ವರ್ಷವಾದರೂ ಸರಿ. ಕಾರಣ ಸುಲಭ. ಏಪ್ರಿಲ್‌ನಿಂದ ಮುಂದೆ ಈ ಒಂದೊಂದು ನೆಗೆತದ ನಡುವೆಯೂ 30 ದಿನದ ಒಂದು ತಿಂಗಳು, 31 ದಿನದ ಒಂದು ತಿಂಗಳು ಬರುತ್ತವೆ. ಎರಡೂ ಸೇರಿ 61. ತಾರೀಖೂ ಎರಡು ಮುಂದೆ ಹೋಗುವುದರಿಂದ 63. ಅಂದರೆ ಸರಿಯಾಗಿ ಒಂಬತ್ತು ವಾರ. ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್ವೇ ಇದನ್ನೇ ಆಧಾರ ಮಾಡಿಕೊಂಡು, ಯಾವ ತಾರೀಖು ಕೊಟ್ಟರೂ ಬಾಯಲ್ಲೇ ವಾರ ಹೇಳುವ ವಿಧಾನ ಕಟ್ಟಿದರು.

ನಮಗೆ ಇನ್ನೂ ಹತ್ತಿರದ ಕೊಂಡಿ ಒಂದಿದೆ. ಆಗಸ್ಟ್ 8 ಮತ್ತು ಅಕ್ಟೋಬರ್ 10 ಒಂದೇ ವಾರ ಆದರೆ, ಆಗಸ್ಟ್ 15 ಕೂಡ ಅದೇ ವಾರ ಆಗಲೇಬೇಕು. ಸ್ವಾತಂತ್ರ್ಯ ದಿನ ಯಾವ ವಾರವೋ ಕಾರಂತರ ಹುಟ್ಟುಹಬ್ಬವೂ ಅದೇ ವಾರ. ನಡುವೆ 56 ದಿನ, ಎಂಟು ವಾರ.

ಇದನ್ನು ಹಿಡಿದು ಕಾರಂತರು ಹುಟ್ಟಿದ ವಾರ ಕಂಡುಹಿಡಿಯೋಣ. 1947ರ ಆಗಸ್ಟ್ 15 ಶುಕ್ರವಾರ. ಹಾಗಾದರೆ ಆ ವರ್ಷದ ಅಕ್ಟೋಬರ್ 10 ಕೂಡ ಶುಕ್ರವಾರ. ಕಾರಂತರು ಹುಟ್ಟಿದ್ದು 1902ರಲ್ಲಿ, ಉಡುಪಿ ಜಿಲ್ಲೆಯ ಕೋಟದಲ್ಲಿ. ನಡುವೆ 45 ವರ್ಷ. ಒಂದೊಂದು ವರ್ಷಕ್ಕೂ ವಾರ ಒಂದು ಮುಂದೆ ಸರಿಯುತ್ತದೆ. ಅಧಿಕ ವರ್ಷ ಬಂದರೆ ಇನ್ನೊಂದು. 1904ರಿಂದ 1944ರವರೆಗೆ ಅಧಿಕ ವರ್ಷಗಳು 11. ನಲವತ್ತೈದಕ್ಕೆ ಹನ್ನೊಂದು ಕೂಡಿಸಿದರೆ 56. ಏಳರಿಂದ ಭಾಗಿಸಿ, ಶೇಷ ಸೊನ್ನೆ. ಕಾರಂತರು ಹುಟ್ಟಿದ್ದೂ ಶುಕ್ರವಾರ. ನಾರಾಯಣ್ 1906ರವರು. 41 ವರ್ಷ, 10 ಅಧಿಕ ವರ್ಷ, ಒಟ್ಟು 51, ಶೇಷ ಎರಡು. ಶುಕ್ರವಾರದಿಂದ ಎರಡು ಹಿಂದೆ ಬನ್ನಿ, ಬುಧವಾರ. ಎಂಟನೇ ತರಗತಿಯ ಮಗು ಪ್ರಾರ್ಥನೆಯ ಸಾಲಿನಲ್ಲಿ ನಿಂತುಕೊಂಡೇ ಮಾಡಬಹುದಾದ ಲೆಕ್ಕ ಇದು.

ಇದಕ್ಕಿಂತ ದೊಡ್ಡ ವಿಶೇಷ ಒಂದಿದೆ. 1582ರಲ್ಲಿ ಇಟಲಿ, ಸ್ಪೇನ್, ಪೋರ್ಚುಗಲ್, ಪೋಲೆಂಡುಗಳಲ್ಲಿ ಅಕ್ಟೋಬರ್ 10 ಬರಲೇ ಇಲ್ಲ! ಅದಕ್ಕೂ ಮುಂಚೆ ಯುರೋಪಿನಲ್ಲಿದ್ದದ್ದು ಜೂಲಿಯಸ್ ಸೀಸರ್ ಕಾಲದ ಕ್ಯಾಲೆಂಡರ್. ಅದು ವರ್ಷಕ್ಕೆ ಮುನ್ನೂರ ಅರವತ್ತೈದೂಕಾಲು ದಿನ ಹಿಡಿಯುತ್ತಿತ್ತು. ನಿಜವಾದ ವರ್ಷ ಅದಕ್ಕಿಂತ ಹನ್ನೊಂದು ನಿಮಿಷ ಕಡಿಮೆ. ವರ್ಷಕ್ಕೆ ಹನ್ನೊಂದು ನಿಮಿಷ ಅಂದರೆ ಏನು ಮಹಾ ಅನ್ನಿಸುತ್ತದೆ. ಆದರೆ 128 ವರ್ಷಕ್ಕೆ ಅದೇ ಒಂದು ದಿನ ಆಗುತ್ತದೆ. ಹದಿನಾರನೇ ಶತಮಾನದ ಹೊತ್ತಿಗೆ, ಹಗಲು ರಾತ್ರಿ ಸಮನಾಗಿರುವ ದಿನ ಮಾರ್ಚ್ 21ರ ಬದಲು ಮಾರ್ಚ್ 11ಕ್ಕೆ ಬಂದು ಕೂತಿತ್ತು. ಈಸ್ಟರ್ ಹಬ್ಬದ ಲೆಕ್ಕ ತಪ್ಪುತ್ತಿತ್ತು. ಪೋಪ್ 13ನೇ ಗ್ರೆಗರಿ ತಿದ್ದಲು ಹೊರಟರು. ಯೋಜನೆ ಲಿಲಿಯೊ ಎಂಬ ವೈದ್ಯನದು, ಅದನ್ನು ವಿವರಿಸಿ ಸಮರ್ಥಿಸಿದವನು ಗಣಿತಜ್ಞ ಕ್ಲಾವಿಯಸ್. 1582ರ ಅಕ್ಟೋಬರ್ 4, ಗುರುವಾರ ರಾತ್ರಿ ಜನ ಮಲಗಿದರು. ಎದ್ದಾಗ ಶುಕ್ರವಾರ, ಅಕ್ಟೋಬರ್ 15. ವಾರ ತಪ್ಪಲಿಲ್ಲ, ತಾರೀಖು ಹತ್ತು ಹಾರಿತು. ನೂರರಿಂದ ಭಾಗವಾಗುವ ವರ್ಷಗಳು 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ ಎಂಬ ನಿಯಮ ಬಂದದ್ದೂ ಆಗಲೇ.

ಆ ರಾತ್ರಿಯೇ ಸ್ಪೇನಿನಲ್ಲಿ ಒಬ್ಬ ಲೇಖಕಿ ತೀರಿಕೊಂಡಳು. ಅನುಭಾವಿ ಸಂತಳೆಂದು ಹೆಸರಾದ ಅವಿಲಾದ ತೆರೇಸಾ. ಅಕ್ಟೋಬರ್ 4ರ ರಾತ್ರಿ ಸತ್ತಳು, ಮಾರನೇ ದಿನ ಮಣ್ಣು ಮಾಡಿದರು, ಆ ಮಾರನೇ ದಿನ 15. ಅವಳ ಹಬ್ಬವನ್ನು ಇವತ್ತಿಗೂ ಅಕ್ಟೋಬರ್ 15ಕ್ಕೇ ಆಚರಿಸುತ್ತಾರೆ. ವಿಜ್ಞಾನ, ಗಣಿತ, ಸಾಹಿತ್ಯ ಮೂರೂ ಒಂದೇ ರಾತ್ರಿ ಸೇರಿದ ಇಂಥ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಆ ದಿನ ಹುಟ್ಟಿದವರ ಪಟ್ಟಿಗಿಂತ, ಆ ದಿನವೇ ಇರಲಿಲ್ಲ ಅನ್ನುವುದು ನನಗಂತೂ ಹೆಚ್ಚು ರುಚಿ.

ಹಳೆಯ ತಾರೀಖು ನಂಬಬಹುದೇ ಎಂಬ ಪ್ರಶ್ನೆಗೆ ಇಲ್ಲಿಂದಲೇ ದಾರಿ. ಪೋಪ್ ಹೇಳಿದರು ಅಂತ ಎಲ್ಲ ದೇಶಗಳೂ ಕೇಳಲಿಲ್ಲ. ಇಂಗ್ಲೆಂಡ್ ಬದಲಾಯಿಸಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ರಷ್ಯಾ 1918ರವರೆಗೂ ಕಾಯಿತು. ಅವರ ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬರುವುದು ಅದಕ್ಕೇ.

ನನ್ನ ತಪ್ಪು ಇಲ್ಲೇ ಆದದ್ದು. ಕ್ರಿಸ್‌ಮಸ್ ರಜೆಗೆ ಮುಂಚಿನ ದಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದ್ದೆ: ‘ಗೆಲಿಲಿಯೊ ಸತ್ತ 1642ನೇ ವರ್ಷದ ಡಿಸೆಂಬರ್ 25ರಂದೇ ನ್ಯೂಟನ್ ಹುಟ್ಟಿದ’. ಇತಿಹಾಸ ವಿಭಾಗದ ಹಿರಿಯರೊಬ್ಬರು ಬೋರ್ಡಿನ ಮುಂದೆ ನಿಂತು ಓದಿ, ‘ಎರಡು ಅಂಗಡಿಯ ತಕ್ಕಡಿ ಒಂದೇ ಕಡೆ ಇಟ್ಟಿದ್ದೀರಲ್ಲ ಸಾರ್’ ಅಂದರು. ಗೆಲಿಲಿಯೊ ಸತ್ತದ್ದು 1642ರ ಜನವರಿ 8, ಅದು ಇಟಲಿಯ ಹೊಸ ಕ್ಯಾಲೆಂಡರಿನ ತಾರೀಖು. ನ್ಯೂಟನ್ ಹುಟ್ಟಿದ ತಾರೀಖು ಇಂಗ್ಲೆಂಡಿನ ಹಳೇ ಕ್ಯಾಲೆಂಡರಿನದು. ಗೆಲಿಲಿಯೊನ ಊರಿನ ಪ್ರಕಾರ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಅವರ ಮುಂದೆಯೇ ಕರ್ಚೀಫು ತೆಗೆದು ಒರೆಸಿದೆ.

ಸಾಹಿತ್ಯದಲ್ಲೂ ಇದೇ ಕಥೆ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟೆಸ್ ಇಬ್ಬರೂ 1616ರ ಏಪ್ರಿಲ್ 23ರಂದು ಸತ್ತರು ಅಂತ ಓದಿರುತ್ತೀರಿ. ವಿಶ್ವ ಪುಸ್ತಕ ದಿನವನ್ನು ಯುನೆಸ್ಕೊ ಆ ದಿನಕ್ಕೆ ಇಟ್ಟಿದ್ದರ ಹಿಂದೆಯೂ ಈ ಮಾತಿದೆ. ಆದರೆ ಸರ್ವಾಂಟೆಸ್ ಸತ್ತದ್ದು 22ಕ್ಕೆ, 23 ಅವನನ್ನು ಹೂಳಿದ ದಿನ. ಶೇಕ್ಸ್‌ಪಿಯರ್ ಸತ್ತ ಏಪ್ರಿಲ್ 23 ಹಳೇ ಲೆಕ್ಕ, ಸ್ಪೇನಿನ ಪ್ರಕಾರ ಅದು ಮೇ 3. ನಡುವೆ ಹನ್ನೊಂದು ದಿನ. ಇನ್ನು ಶೇಕ್ಸ್‌ಪಿಯರ್ ಹುಟ್ಟಿದ್ದೂ ಏಪ್ರಿಲ್ 23 ಅನ್ನುವುದು ಬರೀ ಊಹೆ. ದಾಖಲೆಯಲ್ಲಿರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ.

ನಿಮ್ಮ ಕ್ಯಾವೆಂಡಿಶ್ ಹುಟ್ಟಿದ್ದು 1731ರಲ್ಲಿ, ಈಗ ಫ್ರಾನ್ಸಿಗೆ ಸೇರಿರುವ ನೀಸ್ ಊರಿನಲ್ಲಿ. ಅಪ್ಪ ಅಮ್ಮ ಇಂಗ್ಲಿಷರು. ಆಗ ನೀಸ್‌ನಲ್ಲಿ ಅಕ್ಟೋಬರ್ 10 ಆಗಿದ್ದ ದಿನ ಲಂಡನ್ನಿನಲ್ಲಿ ಸೆಪ್ಟೆಂಬರ್ 29. ಹಾಗಾಗಿ 1582ರಿಂದ 1752ರ ನಡುವಿನ ಇಂಗ್ಲಿಷರ ತಾರೀಖು ಕಂಡರೆ, ಯಾವ ಊರಿನ ಕ್ಯಾಲೆಂಡರ್ ಅಂತ ಕೇಳಿ. ರಷ್ಯಾದವರಾದರೆ 1918ರವರೆಗೂ ಕೇಳಿ.

ಆಮೇಲಿನ ತಾರೀಖು ಎಲ್ಲ ಸರಿಯೇ? ನಮ್ಮಲ್ಲಿ ಬೇರೆ ತೊಂದರೆ. ನನ್ನ ಕಾಲದ ಸ್ಟಾಫ್ ರೂಮಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಏಳು ಜನ ಇದ್ದೆವು, ನಾನೂ ಸೇರಿ. ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿ ಬರಲಿ ಅಂತ ಮೇಷ್ಟ್ರು ಹಾಕಿದ ತಾರೀಖು ಅದು. ನನ್ನ ತಾಯಿ ಹೇಳುವ ಪ್ರಕಾರ ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ದಿನ. ಮನೆಯಲ್ಲಿ ಬೇರೆ, ಪೆನ್ಷನ್ ಪುಸ್ತಕದಲ್ಲಿ ಬೇರೆ. ಒಂದೇ ದಿನ ಹತ್ತಾರು ಜನ ಹುಟ್ಟಿದ್ದು ಕಂಡಾಗ ಯಾರು ಬರೆದುಕೊಂಡರು, ಯಾಕೆ ಬರೆದುಕೊಂಡರು ಅಂತಲೂ ನೋಡಬೇಕು. ಇನ್ನು ತಿಥಿ ಪ್ರಕಾರ ಬರುವ ಬಸವ ಜಯಂತಿ, ಕನಕ ಜಯಂತಿಯಂಥವು ಪ್ರತಿ ವರ್ಷ ಜಾಗ ಬದಲಾಯಿಸುತ್ತವೆ. ತಿಥಿಯೂ ತಾರೀಖೂ ಮತ್ತೆ ಹತ್ತಿರ ಬರುವುದು 19 ವರ್ಷಕ್ಕೊಮ್ಮೆ, ಯಾಕೆಂದರೆ 19 ಸೌರ ವರ್ಷಕ್ಕೆ ಹೆಚ್ಚುಕಡಿಮೆ 235 ಚಾಂದ್ರಮಾಸ ಆಗುತ್ತವೆ.

ಹಾಗಾದರೆ ಆ ದಿನ ಓದುವುದೇನು? ಹತ್ತು ಹೆಸರು ಓದಿದರೆ ತರಗತಿ ಬಾಗಿಲು ತಲುಪುವುದರೊಳಗೆ ಒಂದೂ ನೆನಪಿರುವುದಿಲ್ಲ. ಒಬ್ಬರನ್ನು ಹಿಡಿದು ಅವರು ಮಾಡಿದ ಒಂದು ಕೆಲಸ ತೋರಿಸಿ. ನಾನಾಗಿದ್ದರೆ ಕ್ಯಾವೆಂಡಿಶನ ಕೋಣೆ ತೋರಿಸುತ್ತಿದ್ದೆ.

ಭಾರೀ ಸಂಕೋಚದ ಮನುಷ್ಯ. ಮನೆಯ ಕೆಲಸದ ಹೆಂಗಸರ ಜೊತೆ ಮಾತಾಡಲು ನಾಚಿ, ಊಟಕ್ಕೆ ಏನು ಬೇಕೆಂದು ಚೀಟಿಯಲ್ಲಿ ಬರೆದಿಡುತ್ತಿದ್ದ. 1797ರಲ್ಲಿ, ಅರವತ್ತೈದು ದಾಟಿದ ಮೇಲೆ, ಭೂಮಿ ಎಷ್ಟು ದಟ್ಟ ಎಂದು ಅಳೆಯಲು ಕೂತ. ಸುಮಾರು ಆರಡಿ ಉದ್ದದ ಮರದ ಸರಳು, ಎರಡು ತುದಿಗೂ ಚಿಕ್ಕ ಸೀಸದ ಗುಂಡು. ಇದನ್ನು ನಡುವೆ ಒಂದು ತಂತಿಯಿಂದ ತೂಗುಬಿಟ್ಟ. ಪಕ್ಕಕ್ಕೆ 158 ಕಿಲೋ ತೂಕದ ಎರಡು ದೊಡ್ಡ ಸೀಸದ ಗುಂಡು ತಂದ. ದೊಡ್ಡದು ಚಿಕ್ಕದನ್ನು ಎಳೆಯುತ್ತದೆ, ಸರಳು ಒಂದಿಷ್ಟು ತಿರುಗುತ್ತದೆ. ಆ ಎಳೆತ ಎಷ್ಟು ಗೊತ್ತೇ? ಒಂದು ರಾಗಿ ಕಾಳಿನ ತೂಕದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕೋಣೆಯೊಳಗೆ ಮನುಷ್ಯ ನಿಂತರೆ ಅವನ ಮೈಬಿಸಿಗೆ ಗಾಳಿ ಅಲ್ಲಾಡಿ ಎಲ್ಲ ಕೆಡುತ್ತದೆ. ಅದಕ್ಕೆ ಕ್ಯಾವೆಂಡಿಶ್ ಕೋಣೆಯ ಹೊರಗೆ ನಿಂತು, ಗೋಡೆಯ ತೂತಿನಲ್ಲಿ ದೂರದರ್ಶಕ ಇಟ್ಟು ನೋಡಿದ.

ಅವನು ಕೊಟ್ಟ ಉತ್ತರ: ಭೂಮಿ ನೀರಿಗಿಂತ 5.48 ಪಟ್ಟು ದಟ್ಟ. ಇವತ್ತಿನ ಅಳತೆ 5.51. ಮಕ್ಕಳಿಗೆ ಇನ್ನೂ ಇಷ್ಟವಾಗುವುದು ಮುಂದಿನದು. ಇಷ್ಟು ಜಾಗ್ರತೆ ಮಾಡಿದ ಮನುಷ್ಯ ಕೊನೆಯಲ್ಲಿ ಸರಾಸರಿ ತೆಗೆಯುವಾಗ ಲೆಕ್ಕ ತಪ್ಪಿದ್ದ! ಅವನದೇ ಅಂಕಿಗಳ ಸರಿಯಾದ ಸರಾಸರಿ 5.45ರ ಹತ್ತಿರ ಬರುತ್ತದೆ. ತಪ್ಪು ಲೆಕ್ಕದ ಉತ್ತರವೇ ನಿಜಕ್ಕೆ ಹತ್ತಿರ. ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಅಂತ ಮಕ್ಕಳು ಕೇಳಿದರೆ ಉತ್ತರ ನಿಮಗೆ ಬಿಟ್ಟದ್ದು.

ಸಾಹಿತ್ಯ ಬೇಕೆಂದರೆ ಎರಡು ದಾರಿ. ಕಾರಂತರು ಬರೀ ಕಾದಂಬರಿಕಾರರಲ್ಲ, ಒಬ್ಬರೇ ಕೂತು ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದವರು. ಶಾಲೆಯ ಲೈಬ್ರರಿಯಲ್ಲಿದ್ದರೆ ಒಂದು ಪುಟ ಓದಿಸಿ. ಇಲ್ಲವೇ ನಾರಾಯಣ್ ಅವರ ಮೊದಲ ಕಾದಂಬರಿಯ ಹುಡುಗ ಸ್ವಾಮಿಯನ್ನು ಕರೆತನ್ನಿ. ಅಪ್ಪ ಅವನಿಗೆ ಲೆಕ್ಕ ಕೊಡುತ್ತಾನೆ. ರಾಮನ ಹತ್ತಿರ ಹತ್ತು ಮಾವು, ಅವುಗಳಿಂದ ಅವನಿಗೆ ಹದಿನೈದಾಣೆ ಬರಬೇಕು. ಕೃಷ್ಣನಿಗೆ ನಾಲ್ಕೇ ಸಾಕು, ಎಷ್ಟು ಕೊಡಬೇಕು? ಸ್ವಾಮಿಗೆ ತಲೆಬಿಸಿ ಬೇರೆಯೇ. ಮಾವು ಹಣ್ಣಾಗಿತ್ತೋ ಕಾಯೋ ಎಂಬುದು ಅವನಿಗೆ ಮೊದಲು ಗೊತ್ತಾಗಬೇಕು. ಲೆಕ್ಕದ ಉತ್ತರ ಆರಾಣೆ. ಆದರೆ ನಮ್ಮೂರ ಸಂತೆಯಲ್ಲಿ ಮಾವು ಕೊಂಡವರಿಗೆ ಸ್ವಾಮಿಯ ಪ್ರಶ್ನೆ ದಡ್ಡತನ ಅನ್ನಿಸುವುದಿಲ್ಲ.

ಒಂದು ತಾಪತ್ರಯ ಇದೆ. ಅಕ್ಟೋಬರ್ 10 ಎಷ್ಟೋ ವರ್ಷ ದಸರಾ ರಜೆಯೊಳಗೆ ಬಿದ್ದುಬಿಡುತ್ತದೆ. ಹಾಗಾದಾಗ ಇದನ್ನೆಲ್ಲ ಜೂನ್ 6ಕ್ಕೆ ಎತ್ತಿಟ್ಟುಕೊಳ್ಳಿ. ಅದೂ ನಮ್ಮ ಐದು ದಿನಗಳ ಸರಪಳಿಯಲ್ಲೇ ಇದೆ. ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಎರಡೂ ದಿನ ಯಾವ ವಾರ ಅಂತ ಮಕ್ಕಳೇ ಕಂಡುಹಿಡಿಯಲಿ, ಉತ್ತರ ಇಲ್ಲಿ ಬರೆಯುವುದಿಲ್ಲ. 1900 ಅಧಿಕ ವರ್ಷ ಅಲ್ಲ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡಿ.